ಹಿಂದಿರುಗಿ ಬಂದ ವಸ್ತುವಿನ ಗತಿಯೇನು?



ಕೊಂಡ ಮಿಕ್ಸಿ ಸರಿಬರಲಿಲ್ಲವೆಂದು ನೀವು ಹಿಂದಿರುಗಿಸುತ್ತೀರಿ. ಹಣ ವಾಪಸು ಬಂದರೆ ನಿಮ್ಮ ಮಟ್ಟಿಗೆ ವಿಷಯ ಮುಗಿಯಿತು. ಆದರೆ ಆ ಮಿಕ್ಸಿಯ ಗತಿಯೇನು? ಅದನ್ನು ಬಿಚ್ಚಿ, ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ ಮತ್ತೆ ಹೊಸದರಂತೆ ಮಾಡಬೇಕೆ? ಇಲ್ಲವೇ ಗುಜರಿಗೆ ಹಾಕಬೇಕೆ? ಕಂಪನಿಯವರು ಲೆಕ್ಕ ಹಾಕುತ್ತಾರೆ. ಕೂಲಿ, ಸಾಗಣೆ, ಗೋದಾಮಿನ ಬಾಡಿಗೆ ಸೇರಿ ಖರ್ಚು ಹೆಚ್ಚಾದರೆ, ಚೆನ್ನಾಗಿರುವ ವಸ್ತುವೂ ಕಸವಾಗುತ್ತದೆ.

ಈ ಲೆಕ್ಕವೇ ತಪ್ಪೆನ್ನಲಾಗದು. ನಷ್ಟದಲ್ಲಿ ಕಾರ್ಖಾನೆ ನಡೆಯದು. ಅದು ನಿಂತರೆ ಕೆಲಸಗಾರನ ಮನೆಯ ಒಲೆ ಉರಿಯದು. ಆದರೆ ಲೆಕ್ಕ ಅಪೂರ್ಣ. ಅಗೆದ ಅದಿರು, ಸುಟ್ಟ ಇಂಧನ, ಕಸದ ರಾಶಿಯ ಪಕ್ಕದಲ್ಲಿ ಬದುಕುವ ಬಡವರ ಉಸಿರು, ಇವು ಆ ಪುಸ್ತಕದಲ್ಲಿ ಇರುವುದಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ, ಬಳಸಿ ಎಸೆಯುವ ಸಂಸ್ಕೃತಿಯು ವಸ್ತುಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಮೂಲೆಗೆಸೆಯುತ್ತದೆಂದು ಎಚ್ಚರಿಸಿದರು.

ಮನಸ್ಸಿದ್ದರೆ ಮಾರ್ಗವುಂಟು. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1973ರಿಂದ ಹಳೆಯ ಎಂಜಿನ್ ಭಾಗಗಳನ್ನು ಹಿಂಪಡೆದು ಪುನರ್ನಿರ್ಮಿಸುತ್ತಿದೆ. ಗಿರಾಕಿಯಿಂದ ಠೇವಣಿ ಪಡೆದು, ಹಳೆಯ ಭಾಗ ತಂದಾಗ ಮರಳಿಸುತ್ತದೆ. ಫ್ರಾನ್ಸ್ ದೇಶವು ಮಾರಾಟವಾಗದ ಸರಕನ್ನು ನಾಶಮಾಡುವುದರ ವಿರುದ್ಧ 2020ರಲ್ಲಿ ಕಾನೂನನ್ನೇ ತಂದಿತು.

ಹಾಗೆಂದು ಎಲ್ಲವನ್ನೂ ಉಳಿಸುವುದೇ ಧರ್ಮವಲ್ಲ. ಉಬ್ಬಿದ ಬ್ಯಾಟರಿ, ಬಿರುಕುಬಿಟ್ಟ ಕುಕ್ಕರ್, ಹಿಂದಿರುಗಿ ಬಂದ ಔಷಧ, ಇವನ್ನು ಅಗ್ಗವೆಂದು ಬಡವನ ಕೈಗೆ ದಾಟಿಸುವುದು ಮಿತವ್ಯಯವಲ್ಲ, ಪಾಪ. ರಿಪೇರಿಯಾದದ್ದನ್ನು ಹೊಸದೆಂದು ಮಾರುವುದು ಏಳನೆಯ ಆಜ್ಞೆಯ ಉಲ್ಲಂಘನೆ. ಪ್ರವಾದಿ ಯೆರೆಮೀಯನ ಗ್ರಂಥ ನೋಡಿರಿ. 18ನೇ ಅಧ್ಯಾಯದಲ್ಲಿ ಕುಂಬಾರನು ಕೆಟ್ಟುಹೋದ ಮಣ್ಣನ್ನೇ ಬೇರೊಂದು ಪಾತ್ರೆಯಾಗಿ ರೂಪಿಸುತ್ತಾನೆ. 19ರಲ್ಲಿ ಒಡೆದ ಮಡಕೆಯನ್ನು ಸರಿಪಡಿಸಲಾಗದು. ಇವೆರಡರ ವ್ಯತ್ಯಾಸ ಅರಿಯುವುದೇ ವಿವೇಕ.

ಆದ್ದರಿಂದ ನಿರ್ಧರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ, “ಯಾವುದು ಅಗ್ಗ?” ಎಂಬುದಲ್ಲ. “ಇದರಲ್ಲಿ ಇನ್ನೂ ಒಳ್ಳೆಯದೇನು ಉಳಿದಿದೆ? ಇದರಿಂದ ಯಾರಿಗೆ ಕೇಡಾದೀತು?” ಎಂಬುದು. ಉಳಿಸಬಹುದಾದರೆ ಉಳಿಸಲಿ, ಆಗದಿದ್ದರೆ ಯಾರಿಗೂ ಹಾನಿಯಾಗದಂತೆ ವಿಲೇವಾರಿ ಮಾಡಲಿ.

ನಮ್ಮ ಪಾಲೂ ಇದೆ. ಒಂದು ಅಂಗಿಗಾಗಿ ಮೂರು ಅಳತೆ ತರಿಸಿ ಎರಡನ್ನು ವಾಪಸು ಕಳುಹಿಸುವ ಮುನ್ನ ಯೋಚಿಸಿರಿ. ರಿಪೇರಿಯಾದ ವಸ್ತುವನ್ನು ಕೊಳ್ಳಲು ನಾಚದಿರಿ. ಐದು ಸಾವಿರ ಜನರು ಉಂಡ ಮೇಲೆ ಯೇಸುಸ್ವಾಮಿ ಉಳಿದ ತುಂಡುಗಳನ್ನು ಕೂಡಿಸಲು ಹೇಳಿದರು. ಹೇರಳವಾಗಿ ಕೊಡಬಲ್ಲವರೇ ಚೂರನ್ನೂ ಹಾಳುಮಾಡಲಿಲ್ಲ. ನಮಗೇಕೆ ಆ ಉಡಾಫೆ?