ಸಹಿ ಇಲ್ಲದ ತಪ್ಪು

ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ನೋಡಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಏನೇ ಕೆಟ್ಟರೂ ಮೊದಲು ಹುಡುಕುವುದು ಕೆಳಗಿನ ಸಹಿ ಯಾರದೆಂದು. ಸಹಿ ಸಿಕ್ಕಿತೋ, ಉಳಿದವರೆಲ್ಲ ನೆಮ್ಮದಿಯಾಗಿ ಚಹಾ ಕುಡಿಯಬಹುದು. ಆದರೆ ಸಹಿಯೇ ಇಲ್ಲದ ತಪ್ಪಿಗೆ ಯಾರು ಹೊಣೆ?

ನಾನು ಮಂಗಳೂರಿನವನು. ಚಿಕ್ಕಂದಿನಲ್ಲಿ ತಂದೆಯವರ ಜೊತೆ ಬಂದರಿಗೆ ಹೋದಾಗ, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು ಏರಿಸುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದುದರಿಂದ ಇದು ಪರದೇಶದ ಸುದ್ದಿಯಲ್ಲ, ನೆರೆಮನೆಯ ಮಾತು.

ಒಟ್ಟು 36 ದ್ವೀಪ, ಎಲ್ಲ ಸೇರಿ 32 ಚದರ ಕಿಲೋಮೀಟರು. ಹವಳದ ಜೀವಿಗಳು ಕಟ್ಟಿದ ನೆಲ. ಬಹುಪಾಲು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರು ಮಾತ್ರ ಎತ್ತರ. ಮಳೆಯ ಸಿಹಿನೀರು ಮರಳಿನಡಿ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಬಾವಿಗೆ ಬರುವುದು ಅದೇ. ಕಡಲು ಏರಿದರೆ ಅದಕ್ಕೂ ಉಪ್ಪು ಸೇರುತ್ತದೆ. ನೀರು ಅತಿಯಾಗಿ ಕಾದರೆ ಹವಳ ಬಿಳಿಚಿಕೊಂಡು ಸಾಯುತ್ತದೆ; 1998, 2010, 2016ರಲ್ಲಿ ಹಾಗೆಯೇ ಆಯಿತು. ಹವಳದ ದಂಡೆ ಕುಸಿದರೆ ಅಲೆಗೆ ತಡೆಯಿಲ್ಲ. ಬಂಗಾರಂ ಬಳಿ ಪರಳಿ ಎಂಬ ನಿರ್ಜನವಾದ ಪುಟ್ಟ ದ್ವೀಪವೊಂದು ಕೊರೆತಕ್ಕೆ ಸಿಕ್ಕಿ ಮಾಯವೇ ಆಗಿದೆ.

ಕಾರಣ ಗುಟ್ಟೇನಲ್ಲ. ಕಲ್ಲಿದ್ದಲು, ಪೆಟ್ರೋಲು ಉರಿಸಿದರೆ ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ, ಅದು ಶಾಖವನ್ನು ಹಿಡಿದಿಡುತ್ತದೆ. ಅರ್ಹೀನಿಯಸ್ 1896ರಲ್ಲೇ ಇದರ ಲೆಕ್ಕ ಹಾಕಿದ್ದ. 1958ರಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಇದ್ದದ್ದು ಈಗ 420 ದಾಟಿದೆ. ಹಿಂದೂ ಮಹಾಸಾಗರ ಎಷ್ಟು ವೇಗವಾಗಿ ಕಾಯುತ್ತಿದೆಯೆಂದು ಅಳೆಯುವವರು ನಮ್ಮ ಪುಣೆಯ ಪಾಷಾಣದ ಸಂಸ್ಥೆಯಲ್ಲೇ ಕುಳಿತಿದ್ದಾರೆ.

ಸಂಘದ ಮಿತ್ರರೊಬ್ಬರೊಡನೆ ಈ ಮಾತು ಬಂದಾಗ ಅವರು, "ನನ್ನ ಒಂದು ಸ್ಕೂಟರಿನಿಂದ ಕಡಲು ಏರುತ್ತದೆಯೇನ್ರೀ?" ಎಂದು ನಕ್ಕರು. ನನಗೆ ಬಿ.ಎಸ್ಸಿ. ಪ್ರಯೋಗಶಾಲೆ ನೆನಪಾಯಿತು. ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ಕ್ಷಾರ ಬಿಡುತ್ತೇವೆ, ಏನೂ ಆಗುವುದಿಲ್ಲ; ಕೊನೆಗೊಂದು ಹನಿಗೆ ದ್ರಾವಣ ಗುಲಾಬಿಯಾಗುತ್ತದೆ. ಬಣ್ಣ ಬರಿಸಿದ್ದು ಯಾವ ಹನಿ? ಕೊನೆಯದೆಂದರೆ ಮೇಷ್ಟರು ಸೊನ್ನೆ ಕೊಡುತ್ತಿದ್ದರು. ಬಿಟ್ಟ ಹನಿಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು.

ಮಿತ್ರರು ಬಿಡಲಿಲ್ಲ. "ಅಮೆರಿಕದವನು ನಮ್ಮ ಆರೇಳು ಪಟ್ಟು ಉರಿಸುತ್ತಾನೆ, ಅವನನ್ನು ಕೇಳಿ" ಎಂದರು. ಮಾತು ನಿಜ. ದೊಡ್ಡ ಸಾಲಗಾರ ಅವನೇ, ಮೊದಲು ತೀರಿಸಬೇಕಾದವನೂ ಅವನೇ. ಆದರೆ ತಲಾ ಲೆಕ್ಕವೆಂಬುದು ಒಳ್ಳೆಯ ಮರೆ. ಅದರ ಹಿಂದೆ ಕೊಥ್ರೂಡಿನ ಫ್ಲಾಟಿನ ನಾನೂ, ಹುರಿ ಹೊಸೆಯುವ ಅಮೀನಿಯ ಹೆಂಗಸೂ ಸಮಸಮವಾಗಿ ನಿಂತುಬಿಡುತ್ತೇವೆ. ಬಡವರ ಬಡತನವನ್ನು ನನ್ನ ಖರ್ಚಿಗೆ ಅಡ್ಡ ಹಿಡಿಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಲಕ್ಷದ್ವೀಪದ ದಕ್ಷಿಣಕ್ಕೆ ಅಂಥದೇ ಹವಳದ ನೆಲದ ಮಾಲ್ಡೀವ್ಸ್ ಇದೆ. 2009ರ ಅಕ್ಟೋಬರ್ 17ರಂದು ಅಲ್ಲಿನ ಅಧ್ಯಕ್ಷ ನಶೀದರೂ ಮಂತ್ರಿಗಳೂ ಕಡಲಿನೊಳಗೆ ಇಳಿದು ಸಭೆ ನಡೆಸಿ, ಇಂಗಾಲ ತಗ್ಗಿಸಿರೆಂದು ಜಗತ್ತಿಗೊಂದು ಮನವಿ ಬರೆದರು. ಸಹಿ ಹಾಕಿದವರು ತಪ್ಪು ಮಾಡಿದವರಲ್ಲ, ಅದನ್ನು ಅನುಭವಿಸುವವರು.

ಕಳೆದ ಬೇಸಿಗೆಯಲ್ಲಿ ಎಂಬತ್ತು ದಾಟಿದ ತಾಯಿಗೆ ರಾತ್ರಿ ನಿದ್ದೆ ಬಾರದೆ, ನಮ್ಮ ಮನೆಗೂ ಏ.ಸಿ. ಬಂತು. ತಂದದ್ದಕ್ಕೆ ಪಶ್ಚಾತ್ತಾಪವಿಲ್ಲ, ಅಂಥ ಸೆಕೆಯಲ್ಲಿ ಅಮ್ಮನನ್ನು ಮಲಗಿಸಲು ಮನಸ್ಸು ಬರಲಿಲ್ಲ. ಅಮ್ಮ ಮಂಗಳೂರಿಗೆ ಹೋದ ಮೇಲೂ ಅದು ನನ್ನ ಕೋಣೆಯಲ್ಲಿ ಓಡುತ್ತಿತ್ತು. ಆ ತಿಂಗಳ ಬಿಲ್ಲಿನ ಮೇಲೆ ಹೆಸರು ನನ್ನದೇ ಇತ್ತು.