ದೂರದೇಶದ ವಿದ್ಯೆಯೂ ಸ್ನೇಹದ ಬಂಧನವೂ

ವಿದ್ಯಾರ್ಜನೆಗಾಗಿ ಸಮುದ್ರವನ್ನು ದಾಟಿದವನು ಧರ್ಮದಿಂದ ಚ್ಯುತನಾಗುವನೆ ಎಂಬ ಪ್ರಶ್ನೆಯನ್ನು ಇಂದು ಯಾರೂ ಎತ್ತುವುದಿಲ್ಲ. ಕಾರವಾರ, ಅಂಕೋಲೆಗಳ ಮನೆಗಳಿಂದ ಮಕ್ಕಳು ಜರ್ಮನಿಗೋ ಕೆನಡಕ್ಕೋ ಹೊರಟು ನಿಂತಾಗ ಹಿರಿಯರು ದೇವರ ಮುಂದೆ ದೀಪ ಹಚ್ಚಿ, ಕಾಯಿ ಒಡೆದು, ಕಣ್ಣೊರೆಸಿಕೊಂಡು ಕಳುಹಿಸಿಕೊಡುವರೇ ಹೊರತು ಪ್ರಾಯಶ್ಚಿತ್ತದ ಮಾತನ್ನಾಡುವುದಿಲ್ಲ. ಆದರೂ ಆ ಪ್ರಶ್ನೆಯು ತೀರಿಹೋಗಿಲ್ಲವೆಂದೂ, ಹಳೆಯ ವೇಷವನ್ನು ಕಳಚಿ ಇನ್ನೂ ಗಹನವಾದ ರೂಪದಲ್ಲಿ ನಮ್ಮೆದುರು ನಿಂತಿರುವುದೆಂದೂ ನಾನು ನಂಬಿದ್ದೇನೆ. ಕಲಿಯುವುದಕ್ಕಾಗಿ ದೂರ ಹೋದವನಿಗೆ ತನ್ನವರೊಡನಿರುವ ಬಂಧನವು ಜ್ಞಾನಕ್ಕೆ ಅಡ್ಡಿಯೋ, ಅಥವಾ ಜ್ಞಾನವು ನೆಲೆಗೊಳ್ಳುವ ತಾಣವೇ ಅದೋ ಎಂಬುದು ಅದರ ಈಗಿನ ರೂಪ.

ಬೌಧಾಯನ ಧರ್ಮಸೂತ್ರವು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳನ್ನು ಎಣಿಸುವಲ್ಲಿ ಸಮುದ್ರಯಾನವನ್ನೇ ಮೊದಲು ಹೇಳಿ, ಅದರ ದೋಷವನ್ನು ಕಳೆದುಕೊಳ್ಳಲು ಮೂರು ವರ್ಷಗಳ ಕಠಿನವ್ರತವನ್ನು ವಿಧಿಸಿದೆ. ಅದೇ ಸೂತ್ರವು ಇನ್ನೊಂದೆಡೆಯಲ್ಲಿ ಸಮುದ್ರಯಾನವು ಉತ್ತರದೇಶದವರ ಆಚಾರವೆಂದೂ, ಸೋದರಮಾವನ ಮಗಳನ್ನು ವರಿಸುವುದು ದಕ್ಷಿಣದವರ ಆಚಾರವೆಂದೂ, ಒಂದೆಡೆ ಸಲ್ಲುವುದು ಇನ್ನೊಂದೆಡೆ ದೋಷವಾಗುವುದೆಂದೂ ಒಪ್ಪಿಕೊಳ್ಳುತ್ತದೆ. ಮುಂದೆ ಕಲಿಯುಗದಲ್ಲಿ ಬಿಡತಕ್ಕವೆಂಬ ಕಲಿವರ್ಜ್ಯಗಳ ಪಟ್ಟಿಯನ್ನು ಕಟ್ಟಿದ ನಿಬಂಧಕಾರರಲ್ಲಿ ಈ ಔದಾರ್ಯವೂ ಉಳಿಯಲಿಲ್ಲ. ಹಡಗೇರಿ ಹೋದ ದ್ವಿಜನನ್ನು ಪ್ರಾಯಶ್ಚಿತ್ತವಾದ ಮೇಲೆಯೂ ಕೂಡಿಸಿಕೊಳ್ಳಲಾಗದೆಂದು ಅವರು ಬಿಗಿಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಕರಾವಳಿಯ ಸಾರಸ್ವತ ಸಮಾಜದಲ್ಲಿ, ವಿಲಾಯತಿಗೆ ಹೋಗಿಬಂದವರನ್ನು ಪಂಕ್ತಿಗೆ ಸೇರಿಸುವ ವಿಚಾರವಾಗಿ ಮನೆಮನೆಗಳೇ ಒಡೆಯುವಷ್ಟು ವಾದ ನಡೆಯಿತು. ಪೋರ್ಚುಗೀಸರು ಕಾರವಾರದ ಬಳಿಯ ಚಿತ್ತಾಕುಲವನ್ನು ಸಿಂತಾಕೋರಾ ಎಂದು ಬರೆದುಕೊಂಡ ಕಾಲಕ್ಕೂ ಮುಂಚಿನಿಂದ ಹಡಗುಗಳನ್ನು ಕಂಡಿದ್ದ, ಉಪ್ಪುನೀರಿನಿಂದಲೇ ಅನ್ನವನ್ನು ಪಡೆದಿದ್ದ ನೆಲದಲ್ಲಿ ಕಡಲು ಮೈಲಿಗೆಯೆಂಬ ಮಾತು ಹೇಗೆ ನಿಂತಿತೆಂದು ಆಶ್ಚರ್ಯವಾಗುವುದು ಸಹಜ. ಆ ನಿಷೇಧವನ್ನು ನಾನು ಸಮರ್ಥಿಸಲಾರೆ. ಅದು ಅನೇಕರನ್ನು ತಾಯಿಯ ಉತ್ತರಕ್ರಿಯೆಗೂ ಹತ್ತಿರ ಬಾರದಂತೆ ಮಾಡಬಲ್ಲ ಕ್ರೌರ್ಯವಾಗಿತ್ತು. ಆದರೆ ಅದರ ಒಡಲಲ್ಲಿದ್ದ ಭಯ ಮಾತ್ರ ಪೂರ್ತಿ ಮಿಥ್ಯೆಯಲ್ಲ. ಒಂದೇ ಪಂಕ್ತಿಯ ಊಟ, ಒಂದೇ ಕುಲದೇವರ ಹರಕೆ, ಹಿರಿಯರ ತಿಥಿ ಎಂಬ ನೂರು ಎಳೆಗಳಿಂದ ನೆಯ್ದ ಬಾಳು, ದೂರಕ್ಕೆ ಹೋದವನ ಮಟ್ಟಿಗೆ ಸಡಿಲವಾಗುವುದೆಂಬುದನ್ನು ಹಿಂದಿನವರು ಕಂಡಿದ್ದರು. ಕಂಡದ್ದನ್ನು ಅವರು ಅಶುದ್ಧಿಯೆಂದು ತಪ್ಪಾಗಿ ಅರ್ಥೈಸಿದರು.

ಬಂಧನವು ಜ್ಞಾನಕ್ಕೆ ಅಡ್ಡಿಯೋ ನೆಲೆಯೋ ಎಂಬ ಮೊದಲಿನ ಪ್ರಶ್ನೆಗೆ ತಕ್ಕ ನಿದರ್ಶನವೊಂದು ಕಾರವಾರದ ಕಾಳಿ ನದಿಯ ಅಳಿವೆಯಲ್ಲಿಯೇ ಇದೆ. ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ 1862ರಲ್ಲಿಯೇ ಕಲಕತ್ತೆಯ ಸತ್ಯೇಂದ್ರನಾಥ ಠಾಕೂರರು ಇಂಗ್ಲೆಂಡಿಗೆ ಹಡಗು ಹತ್ತಿ, ಮರುವರ್ಷ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯರೆನಿಸಿದರು. ಅವರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ತಮ್ಮ ರವೀಂದ್ರನಾಥರು ಬಂದು ಕೆಲಕಾಲ ಅಲ್ಲಿ ನಿಂತರು. ರವೀಂದ್ರರೂ ವಿದೇಶದ ವಿದ್ಯಾರ್ಥಿಯಾಗಿದ್ದವರೇ. ಹದಿನೇಳನೆಯ ವಯಸ್ಸಿನಲ್ಲಿ, 1878ರಲ್ಲಿ, ಬ್ಯಾರಿಸ್ಟರನಾಗಿ ಬರಲೆಂಬ ಮನೆಯವರ ಆಸೆಯನ್ನು ಹೊತ್ತು ಹೊರಟು, ಮೊದಲು ಬ್ರೈಟನ್ನಿನ ಶಾಲೆಯೊಂದರಲ್ಲಿ ಕುಳಿತು, ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆನ್ರಿ ಮಾರ್ಲಿಯವರ ಸಾಹಿತ್ಯಪಾಠಗಳನ್ನು ಕೇಳಿ, 1880ರಲ್ಲಿ ತಂದೆಯ ಕರೆಯಂತೆ ಯಾವ ಪದವಿಯೂ ಇಲ್ಲದೆ ಮರಳಿದವರು.

ಅವರು ಬಹುಕಾಲದ ಮೇಲೆ ಬರೆದ ಆತ್ಮಕಥನದಲ್ಲಿ ಆ ವಿದ್ಯಾಭ್ಯಾಸದ ವಿಷಯವಾಗಿ ನೆನೆದುಕೊಳ್ಳುವುದು ಪರೀಕ್ಷೆಗಳನ್ನಲ್ಲ, ಮನುಷ್ಯರನ್ನು. ಲ್ಯಾಟಿನ್ ಹೇಳಿಕೊಡಲು ಬರುತ್ತಿದ್ದ ಒಬ್ಬ ಬಡ ಉಪಾಧ್ಯಾಯ, ಮೈಮೇಲೆ ಬೆಚ್ಚನೆಯ ಬಟ್ಟೆಯೂ ಇಲ್ಲದೆ ಕೃಶನಾಗಿದ್ದವನು; ಒಂದೊಂದು ಯುಗದಲ್ಲಿ ಒಂದೇ ಭಾವವು, ಪರಸ್ಪರ ಸಂಪರ್ಕವಿಲ್ಲದ ಬೇರೆಬೇರೆ ಸಮಾಜಗಳಲ್ಲಿ ಏಕಕಾಲಕ್ಕೆ ತಲೆದೋರುವುದೆಂಬ ಸಿದ್ಧಾಂತವೊಂದು ಅವನನ್ನು ಹಿಡಿದುಬಿಟ್ಟಿತ್ತು. ಅದಕ್ಕೆ ಆಧಾರಗಳು ಕೂಡಿಬಾರದ ದಿನ ಅವನಿಂದ ಪಾಠವೇ ಸಾಗುತ್ತಿರಲಿಲ್ಲ. ಪಾಠ ಹೇಳದೆ ಕಾಲ ಕಳೆದೆನೆಂದು ಕೊನೆಗೆ ಸಂಬಳವನ್ನು ತೆಗೆದುಕೊಳ್ಳಲೂ ಅವನು ಹಿಂಜರಿದನಂತೆ. ಲ್ಯಾಟಿನ್ ರವೀಂದ್ರರಿಗೆ ದಕ್ಕಲಿಲ್ಲ. ಆದರೆ ಮನುಷ್ಯರ ಮನಸ್ಸುಗಳೆಲ್ಲ ಎಲ್ಲಿಯೋ ಆಳದಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ ಎಂಬ ಆತನ ನಂಬಿಕೆಯನ್ನು ಅವರು ಮುದಿತನದ ಹೊಸ್ತಿಲಿನವರೆಗೂ ಬಿಡಲಿಲ್ಲ. ಇನ್ನು ಅವರು ವಸತಿಗೆ ನಿಂತ ಸ್ಕಾಟ್ ಎಂಬ ವೈದ್ಯರ ಮನೆ. ಆ ಮನೆಯ ಗೃಹಿಣಿ ಪತಿಯನ್ನು ಉಪಚರಿಸುವ ಪರಿಯನ್ನು ಕಂಡು, ಸ್ತ್ರೀಯ ಪ್ರೇಮವು ದೇಶದಿಂದ ದೇಶಕ್ಕೆ ಬೇರೆಯಾಗುವುದಿಲ್ಲವೆಂದು ತಿಳಿದುಕೊಂಡರು. ಹೊರಡುವ ದಿನ ಆಕೆ ಅವರ ಕೈಹಿಡಿದು, ಇಷ್ಟು ಬೇಗ ಹೋಗುವುದಿದ್ದರೆ ಬಂದದ್ದಾದರೂ ಏಕೆಂದು ಅತ್ತಳು. ಆ ಪರದೇಶದಲ್ಲಿಯೂ ಅವರಿಗೆ ಸತ್ಯವನ್ನು ಕಲಿಸಿದ್ದು ಪರಕೀಯರೆಂದು ತಿಳಿದಿದ್ದವರ ಸ್ನೇಹವೇ ಎಂಬುದನ್ನು ಗಮನಿಸಬೇಕು.

ಹೀಗೆ ಮರಳಿದ ತರುಣನು ಕಾರವಾರದಲ್ಲಿ ಕಂಡದ್ದೇನು? ಅನಂತವನ್ನು ಅಪ್ಪಿಕೊಳ್ಳಲು ತೋಳು ಚಾಚಿದಂತಿರುವ ಅರ್ಧಚಂದ್ರಾಕಾರದ ಮರಳದಂಡೆ, ಅದರಂಚಿಗೆ ಗಾಳಿಮರಗಳ ತೋಪು, ಜೋಯಿಡಾದ ಕಾಡುಗಳನ್ನು ಇಳಿದು ಬಂದು ಕಡಲನ್ನು ಸೇರುವ ಕಾಳಿ. ಒಂದು ಬೆಳದಿಂಗಳಿರುಳು ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ಗುಡ್ಡದ ಮೇಲಣ ಹಳೆಯ ಕೋಟೆಯೊಂದನ್ನು ನೋಡಿ, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕುಳಿತು, ಇಳಿತದ ಜೊತೆಗೆ ಅಳಿವೆಗೆ ಬಂದು, ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ಮರೆಯಲಿಲ್ಲ. ಅವರು ಅದನ್ನು ಶಿವಾಜಿಯ ಕೋಟೆಯೆಂದಿರುವರು; ಸೋದೆಯ ಅರಸರು ಕಟ್ಟಿಸಿದ, ಚಿತ್ತಾಕುಲದ ಮಗ್ಗುಲಿಗಿರುವ ಸದಾಶಿವಗಡವೇ ಅದಾಗಿರಬೇಕು. ಈ ವಾಸದಲ್ಲಿಯೇ ಅವರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ತಮ್ಮ ಮುಂದಿನ ಸಮಸ್ತ ಸಾಹಿತ್ಯಕ್ಕೂ ಅದನ್ನೇ ಪೀಠಿಕೆಯೆಂದು ಭಾವಿಸಬಹುದೆಂದು ಅವರೇ ಹೇಳಿರುವರು.

ಆ ನಾಟಕದ ಸಂನ್ಯಾಸಿಯು ಸ್ನೇಹಮೋಹಗಳನ್ನೆಲ್ಲ ಕತ್ತರಿಸಿ, ಪ್ರಕೃತಿಯನ್ನು ಗೆದ್ದೆನೆಂಬ ಹೆಮ್ಮೆಯಿಂದ ಗುಹೆಯನ್ನು ಬಿಟ್ಟು ಲೋಕಕ್ಕೆ ಬರುವನು. ಊರವರು ಮುಟ್ಟಬಾರದವಳೆಂದು ದೂರ ತಳ್ಳಿದ ಒಬ್ಬ ಅನಾಥ ಬಾಲಿಕೆ ಅವನನ್ನು ತಂದೆಯೆಂದು ಹಿಡಿದುಕೊಳ್ಳುವಳು. ಮನಸ್ಸು ಕರಗತೊಡಗಿತೆಂದು ಹೆದರಿ ಅವನು ಓಡಿಹೋಗುವನು. ಕೊನೆಗೆ ದಂಡವನ್ನು ಮುರಿದೆಸೆದು ಅವಳಿಗಾಗಿ ಮರಳಿ ಬರುವಷ್ಟರಲ್ಲಿ ಅವಳು ಸತ್ತಿರುವಳು. ಅನಂತವು ಸಾಂತವನ್ನು ಬಿಟ್ಟು ಬೇರೆಲ್ಲಿಯೂ ದೊರೆಯದೆಂಬ ತತ್ತ್ವವನ್ನು ಇಲ್ಲಿ ಎಲ್ಲರೂ ಗುರುತಿಸಿರುವರು. ನನಗೆ ಅದಕ್ಕಿಂತಲೂ ಮಹತ್ತ್ವದ್ದಾಗಿ ತೋರುವುದು ಆ ಬಾಲಿಕೆ ಯಾರೆಂಬುದು. ಸಂನ್ಯಾಸಿಯನ್ನು ಲೋಕಕ್ಕೆ ಮರಳಿಸಿದ್ದು ಅವನ ಕುಲವಲ್ಲ, ಪಂಕ್ತಿಯಲ್ಲ, ಮಠವಲ್ಲ. ಊರಿನ ಕಟ್ಟುಗಳು ಯಾರನ್ನು ಹೊರಗಿಟ್ಟಿದ್ದುವೋ ಅವಳು. ಹೊರಗಿಡುವುದರಿಂದಲೇ ತಾನು ಉಳಿಯುವ ಬಂಧನವೊಂದು, ಹೊರಗಿರುವವರನ್ನೂ ಒಳಕ್ಕೆ ಕರೆಯುವ ಬಂಧನವೊಂದು: ಸಮುದ್ರಯಾನವನ್ನು ನಿಷೇಧಿಸಿದ ಹಿರಿಯರು ಮೊದಲನೆಯದನ್ನು ಕಾಯಲು ಹೋಗಿ ಎರಡನೆಯದನ್ನು ಮರೆತರು, ಸಂನ್ಯಾಸಿಯು ಮೊದಲನೆಯದರೊಡನೆ ಎರಡನೆಯದನ್ನೂ ಹರಿದೆಸೆದನು.

ವಿದೇಶದಲ್ಲಿರುವ ನಮ್ಮ ವಿದ್ಯಾರ್ಥಿಯ ಬಾಳು ಒಂದು ಬಗೆಯ ಬಲವಂತದ ಸಂನ್ಯಾಸ. ಅವನ ಜಾತಿಯನ್ನು ಅಲ್ಲಿ ಯಾರೂ ಕೇಳರು, ಅವನ ಮನೆತನವನ್ನು ಯಾರೂ ಅರಿಯರು, ಬೆಳಗ್ಗೆ ಎದ್ದರೆ ಅವನ ಅನ್ನ ಅವನೇ ಬೇಯಿಸಿಕೊಳ್ಳಬೇಕು. ಹಬ್ಬವು ಕೆಲಸದ ದಿನವಾಗಿ ಕಳೆಯುವುದು, ಅಜ್ಜಿಯ ಮರಣವು ದೂರವಾಣಿಯಲ್ಲಿ ಕೇಳುವುದು. ಈ ಏಕಾಂತದಲ್ಲಿ ಒಂದು ನಿಜವಾದ ಲಾಭವಿದೆ: ತಾನು ಪಡೆದದ್ದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ತನ್ನ ಶ್ರಮದ್ದೆಷ್ಟು ಎಂಬ ವಿವೇಕ ಅಲ್ಲಿ ಹುಟ್ಟಬಹುದು. ಊರಿನಲ್ಲಿ ಅವಮಾನವನ್ನೇ ಉಂಡವರಿಗಂತೂ ಆ ದೂರವು ಬಿಡುಗಡೆಯೇ ಆದೀತು. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರಿಗೆ ಸ್ವದೇಶದ ಶಾಲೆಯಲ್ಲಿ ದೊರೆಯದ ಸಮಾನಾಸನವು ಅಲ್ಲಿ ದೊರೆಯಿತು. ಅವರು ಅಲ್ಲಿಯೇ ಉಳಿದಿದ್ದರೆ ದೂಷಿಸುವ ಅಧಿಕಾರ ನಮ್ಮಲ್ಲಿ ಯಾರಿಗೂ ಇರುತ್ತಿರಲಿಲ್ಲ. ಅವರು ಮರಳಿದರು, ತಮ್ಮನ್ನು ನೂಕಿದ ಊರಿಗಲ್ಲ, ಊರು ನೂಕಿದವರ ಬಳಿಗೆ.

ದೂರದಲ್ಲಿ ಪಡೆದ ವಿದ್ಯೆಯು ತನ್ನವರ ಬಳಿಗೆ ಮರಳಿದಾಗಲೇ ಪೂರ್ಣವಾಗುವುದೆಂಬ ಮಾತನ್ನು ಹಿಂದಿನ ಋಷಿಗಳು ತಿಳಿಯದವರಲ್ಲ. ವೇದಾಧ್ಯಯನವನ್ನು ಮುಗಿಸಿ ಮನೆಗೆ ಮರಳುವುದನ್ನೇ ಸಮಾವರ್ತನವೆಂಬ ಸಂಸ್ಕಾರವನ್ನಾಗಿ ಮಾಡಿದ್ದರು. ಛಾಂದೋಗ್ಯದ ಶ್ವೇತಕೇತುವು ಹನ್ನೆರಡು ವರ್ಷ ಗುರುಗೃಹದಲ್ಲಿ ಕಲಿತು, ಎಲ್ಲವನ್ನೂ ಬಲ್ಲೆನೆಂಬ ಗರ್ವದೊಡನೆ ಇಪ್ಪತ್ತನಾಲ್ಕರ ಹರೆಯದಲ್ಲಿ ಬಂದಾಗ, ತಂದೆಯಾದ ಉದ್ದಾಲಕನು ಅವನ ವಿದ್ಯೆಯನ್ನು ಹಳಿಯಲಿಲ್ಲ. ನೀರಿನಲ್ಲಿ ಉಪ್ಪನ್ನು ಹಾಕಿಸಿ, ಮೇಲಿಂದ, ನಡುವಿಂದ, ತಳದಿಂದ ರುಚಿನೋಡಿಸಿ, ಕಾಣದ ಸತ್ತೆಯು ಎಲ್ಲದರಲ್ಲಿಯೂ ಇರುವುದನ್ನು ತೋರಿಸಿಕೊಟ್ಟನು. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ಬಲ್ಲವರಿಗೆ, 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆಯನ್ನು ಬಲ್ಲವರಿಗೆ ಆ ಉಪದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ವರ್ಷಗಳ ದೂರವೂ ಬೇಕಾಗಿತ್ತು, ಮನೆಯ ಆ ಒಂದು ಬಟ್ಟಲು ನೀರೂ ಬೇಕಾಗಿತ್ತು.

ಹೊರಟುನಿಂತ ಮಕ್ಕಳೆಲ್ಲ ಪದವಿ ಪಡೆದೊಡನೆ ಊರಿಗೆ ಬಂದು ನೆಲೆಸಬೇಕೆಂದು ನಾನು ಹೇಳುವುದಿಲ್ಲ. ದೇಹವು ಎಲ್ಲಿರಬೇಕೆಂಬುದನ್ನು ಅನ್ನ ಮತ್ತು ಅವಕಾಶಗಳು ನಿರ್ಣಯಿಸುವ ಕಾಲ ಇದು. ಚಿತ್ತಾಕುಲದಿಂದ, ಕೋಡಿಬಾಗದಿಂದ, ಅಂಕೋಲೆಯಿಂದ ಹೊರಡುವ ತರುಣ ತರುಣಿಯರಲ್ಲಿ ನನ್ನ ಬೇಡಿಕೆ ಇಷ್ಟೇ: ಅಲ್ಲಿ ನಿಮ್ಮ ಮನೆಯ ಬಾಗಿಲನ್ನು ತಟ್ಟುವ ಅಪರಿಚಿತರನ್ನು ತಪಸ್ಸಿಗೆ ವಿಘ್ನವೆಂದು ಭಾವಿಸಬೇಡಿರಿ, ಇಲ್ಲಿ ನಿಮ್ಮ ದಾರಿಯನ್ನು ಕಾಯುವವರನ್ನು ಕಾಯಿಸಬೇಡಿರಿ. ಕಳುಹಿಸಿಕೊಡುವ ತಾಯಿತಂದೆಗಳಲ್ಲಿಯೂ ಒಂದು ಪ್ರಾರ್ಥನೆ ಇದೆ: ಅವರು ಕಟ್ಟಿಕೊಂಡು ಬರುವ ಸ್ನೇಹಗಳು ನಿಮ್ಮ ಪಂಕ್ತಿಯ ಹೊರಗಿನವಾಗಿದ್ದರೆ, ಎಲೆ ಹಾಕಿ ಒಳಗೆ ಕರೆಯಿರಿ.