ಬಗ್ಗುವ ಗಿಡ, ಊದುವ ಸೀಟಿ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’

ಹಟಮಾರಿ ಮಗುವನ್ನು ಕಂಡಾಗಲೆಲ್ಲ ಹಿರಿಯರ ಬಾಯಿಗೆ ಬರುವ ಗಾದೆ. ಚಿಕ್ಕಂದಿನಲ್ಲೇ ಬಗ್ಗಿಸಿಬಿಡಿ ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಗಾದೆ ಹಾಗೆನ್ನುತ್ತದೆಯೇ? ‘ಬಗ್ಗಿಸದ್ದು’ ಎಂದಿಲ್ಲ, ‘ಬಗ್ಗದ್ದು’ ಎಂದಿದೆ. ಬಗ್ಗುವ ಕೆಲಸ ಗಿಡದ್ದೇ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆಯ ಕಾಂಡ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಕೈಯಿಂದ ಅದುಮಿದರೆ ಮುರಿಯುತ್ತದೆ.

ಮಕ್ಕಳನ್ನು ಅದುಮುವುದನ್ನು ನೋಡಬೇಕೇ? ಶಾಲೆಯ ಪಿ.ಟಿ. ಪೀರಿಯಡ್ಡಿಗೆ ಬನ್ನಿ. ಸೀಟಿ, ಸಾವಧಾನ್, ವಿಶ್ರಾಮ್, ಒಂದು–ಎರಡು–ಮೂರು. ಸಾಲು ನೆಟ್ಟಗಿದೆಯೇ, ಕೈಗಳು ಸಮನಾಗಿ ಎದ್ದಿವೆಯೇ ಎಂಬುದರ ಮೇಲೇ ಮೇಷ್ಟ್ರ ಕಣ್ಣು. ಓಟಕ್ಕೆ ಸ್ಟಾಪ್‌ವಾಚು, ಜಿಗಿತಕ್ಕೆ ಟೇಪು, ತಪ್ಪಿದವನಿಗೆ ಬಸ್ಕಿ. ವ್ಯಾಯಾಮವೇ ಶಿಕ್ಷೆಯಾದರೆ ಮಗುವಿಗೆ ಮೈಯ ಮೇಲೆ ಅಕ್ಕರೆ ಹುಟ್ಟುವುದೆಂತು?

ಪಿ.ಟಿ.ಯ ಅಳತೆಗೋಲು ಹೊರಗಿದೆ; ಯೋಗದಲ್ಲಿ ಅದು ಒಳಗಿದೆ: ಉಸಿರು. ಆಗಿನ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹುಡುಗರಿಗೆ ಕಲಿಸಿದರು. 1934ರಲ್ಲಿ ಕನ್ನಡದಲ್ಲೇ ಬಂದ ಅವರ ‘ಯೋಗ ಮಕರಂದ’ ಆಸನದ ಜೊತೆಗೆ ಪೂರಕ, ರೇಚಕಗಳನ್ನೂ (ಉಸಿರು ಎಳೆದುಕೊಳ್ಳುವುದು, ಬಿಡುವುದು) ವಿವರಿಸುತ್ತದೆ. ಸೂರ್ಯನಮಸ್ಕಾರ ಮಾಡಿದವರಿಗೆಲ್ಲ ಗೊತ್ತು: ಮುಂದಕ್ಕೆ ಬಾಗುವಾಗ ಉಸಿರು ಹೊರಗೆ, ಏಳುವಾಗ ಒಳಗೆ. ಉಸಿರು ತಡವರಿಸಿತೋ, ಅಂದಿನ ಬಾಗು ಅಷ್ಟೇ.

ಹಾಗೆಂದು ಯೋಗಶಾಲೆಯಲ್ಲಿ ಬಲವಂತವೇ ಇರಲಿಲ್ಲ ಎನ್ನಲಾಗದು. ಗುರುವಿನ ಆಜ್ಞೆಯಂತೆ, ಕಲಿಯದ ಹನುಮಾನಾಸನಕ್ಕಿಳಿದು ತೊಡೆಯ ಹಿಂಬದಿಯ ಸ್ನಾಯು ಹರಿದುಕೊಂಡದ್ದನ್ನು ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಹೇಳಿಕೊಂಡರು. ಕೋಲಾರ ಸೀಮೆಯ ಬೆಳ್ಳೂರಿನ ಈ ರೋಗಿಷ್ಠ ಹುಡುಗ ತಾನೇ ಗುರುವಾದಾಗ ಹಗ್ಗ, ಪಟ್ಟಿ, ಮರದ ಇಟ್ಟಿಗೆಗಳನ್ನು ತಂದಿಟ್ಟ. ನೆಲ ಕೈಗೆಟುಕದವನಿಗೆ ಇಟ್ಟಿಗೆಯೇ ನೆಲ.

ಯೋಗ ಬೇರೆ, ಪಿ.ಟಿ. ಬೇರೆ ಎನ್ನಬೇಕಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಯೋಗಕ್ಕೂ ವ್ಯಾಯಾಮ ಶಿಕ್ಷಣಕ್ಕೂ ನಡುವೆ ಗೋಡೆಯಿರಲಿಲ್ಲ. 1943ರಲ್ಲಿ ಅಲ್ಲಿಗೆ ಬಂದ ರಾಘವೇಂದ್ರ ಸ್ವಾಮೀಜಿ ಕಟ್ಟಿದ ಅನಾಥ ಸೇವಾಶ್ರಮದಲ್ಲಿ ಎರಡೂ ಒಂದೇ ಅಂಗಳದಲ್ಲಿ ಬೆಳೆದವು.

ಚಿತ್ರದುರ್ಗ ಜಿಲ್ಲೆಯ ಪಿ.ಟಿ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಾಳೆಯ ಕವಾಯತಿನಲ್ಲಿ ಐದು ನಿಮಿಷ ಸೀಟಿ ಜೇಬಿನಲ್ಲಿರಲಿ. ಎಣಿಕೆಯನ್ನು ಮಕ್ಕಳ ಉಸಿರಿಗೇ ಬಿಡಿ. ಬೆರಳು ನೆಲ ಮುಟ್ಟದ ಹುಡುಗಿಯ ಬೆನ್ನು ಅದುಮಬೇಡಿ. ಮಂಡಿ ಕೊಂಚ ಮಡಿಸಿಕೊಳ್ಳಮ್ಮ ಎನ್ನಿ.